ಅಡಿವೆವ್ವ ಹಿಡಿದ ಸುತ್ತುದಾರಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬದುಕುತ್ತಿದ್ದ ಅಡಿವೆವ್ವ ೧೯೫೫ರ ಹೊತ್ತಿಗೆ ಹನ್ನೊಂದು ಸಲ ಶ್ರೀಶೈಲಕ್ಕೆ ನಡೆದು ಹೋಗಿ ಬಂದಿದ್ದಳು. ಮೊದಲ ನಾಲ್ಕು ಸಲ ಗಂಡನ ಜೊತೆ, ಅವನು ತೀರಿಕೊಂಡ ಮೇಲೆ ಓಣಿಯವರ ಜೊತೆ. ವಯಸ್ಸು ಐವತ್ತರ ಆಸುಪಾಸು, ಮಾತು ಕಡಿಮೆ. ದಾರಿಯಲ್ಲಿ ಯಾವಾಗಲೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ಹಿಂದಿದ್ದರೆ ಯಾರ ಹೆಜ್ಜೆ ಹ್ಯಾಗೆ ಬೀಳುತ್ತದೆಂದು ಕಾಣುತ್ತದೆ ಎನ್ನುತ್ತಿದ್ದಳು.

ಆ ವರ್ಷ ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಹದಿನಾರು ಮಂದಿ ಹೊರಟರು. ಮುಂದಾಳು ಕಳಕಪ್ಪ. ಶ್ರೀಶೈಲದ ಮಲ್ಲಯ್ಯನ ಹೆಸರಿನ ಹೊರೆಗೋಲು, ಕಂಬಿ, ಅವನ ಹೆಗಲ ಮೇಲಿತ್ತು. ದಾರಿಯಲ್ಲಿ ಅದನ್ನು ನೆಲಕ್ಕಿಡುವಂತಿಲ್ಲ, ದಣಿದರೆ ಇನ್ನೊಬ್ಬರ ಹೆಗಲಿಗೇ ದಾಟಿಸಬೇಕು. ಅವನ ತಾಯಿ ಹೊನ್ನವ್ವ ಅರವತ್ತೆಂಟರ ಮುದುಕಿ, ಮೊದಲ ಸಲ ಹೊರಟವಳು. ಮಗ ಹಿಂದೊಮ್ಮೆ ವಿಷಮಜ್ವರದಲ್ಲಿ ಮಲಗಿದ್ದಾಗ, ಉಳಿದರೆ ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದಳು. ಕುಷ್ಟಗಿ, ಸಿಂಧನೂರು ದಾಟಿ, ಹೊಳೆ ದಾಟಿ, ಯುಗಾದಿಗೆ ಇನ್ನು ನಾಲ್ಕು ದಿನವಿರುವಾಗ ಆತ್ಮಕೂರು ಮುಟ್ಟಿದರು.

ಅಲ್ಲಿಂದ ಮುಂದೆ ನಲ್ಲಮಲೆಯ ಅಡವಿ. ಹತ್ತಿರದ ದಾರಿ ನಾಗಲೂಟಿಯ ಮೇಲೆ ಹೋಗುತ್ತದೆ. ಮೂರು ದಿನ ಸಾಕು, ಆದರೆ ಭೀಮನ ಕೊಳ್ಳದಲ್ಲಿ ಕಡಿದಾದ ಮೆಟ್ಟಿಲಿಳಿದು ಮತ್ತೆ ಆಚೆ ಗುಡ್ಡ ಏರಬೇಕು. ಇನ್ನೊಂದು ದೋರ್ನಾಳದ ಕಡೆಯಿಂದ ಸುತ್ತುವ ಬಂಡಿ ದಾರಿ. ಏರು ನಿಧಾನ, ದಿನಗಳು ಎರಡು ಪಟ್ಟು. ಆ ದಾರಿ ಹಿಡಿದರೆ ಗುಡಿಯ ಯುಗಾದಿ ಜಾತ್ರೆ ತಪ್ಪುತ್ತದೆ.

ತಾಯಿಯನ್ನು ಕೊಳ್ಳದಲ್ಲಿ ಬೆನ್ನ ಮೇಲೆ ಹೊತ್ತು ಇಳಿಸುತ್ತೇನೆ ಎಂದು ಕಳಕಪ್ಪ ನಿಶ್ಚಯ ಮಾಡಿದ್ದ. ಹೊನ್ನವ್ವನದು ಬೇರೆ ಹಟ: ಯಾರೂ ಹೊರುವುದು ಬೇಡ, ಎಲ್ಲರೂ ಹೋಗುವ ದಾರಿಯಲ್ಲೇ ತಾನೂ ಹೋಗುತ್ತೇನೆ. ಅಡಿವೆವ್ವ ವಾದ ಮಾಡಲಿಲ್ಲ. ಊರ ಹೊರಗಿನ ಮೆಟ್ಟಿಲ ಬಾವಿಯ ಹತ್ತಿರ ನಿಂತು, ಒಂದು ತಂಬಿಗೆ ನೀರು ತರುವಂತೆ ಹೊನ್ನವ್ವನನ್ನು ಕೇಳಿದಳು. ಮುದುಕಿ ಇಳಿದಳು, ತುಂಬಿಕೊಂಡಳು, ಹತ್ತಿದಳು. ಮೇಲೆ ಬಂದಾಗ ತಂಬಿಗೆ ಅರ್ಧ ಖಾಲಿಯಾಗಿತ್ತು. ತುಟಿ ನೀಲಿಗಟ್ಟಿತ್ತು. ಏದುಸಿರು ಬಿಡುತ್ತಿದ್ದಳು. ಬಹಳ ಹೊತ್ತು ಕಟ್ಟೆಯ ಮೇಲೆ ಕೂತಳು.

“ಇವು ಬರೇ ಇಪ್ಪತ್ತು ಮೆಟ್ಟಲ,” ಎಂದಳು ಅಡಿವೆವ್ವ. “ಕೊಳ್ಳದಾಗ ಇಂಥಾವು ನೂರಾರು ಅದಾವ. ತಮ್ಮಾ, ನೀ ಕಂಬಿ ತಗೊಂಡು ಹೋಗು. ನಿಮ್ಮವ್ವನ್ನ ನಾ ಸುತ್ತ ಹಾಕಿ ಕರ್ಕೊಂಡು ಬರ್ತೀನಿ.”

“ನಿನ್ನ ಯುಗಾದಿ ತಪ್ಪತೈತಲ್ಲಕ್ಕಾ,” ಎಂದ ಕಳಕಪ್ಪ.

“ತಪ್ಪತೈತಿ,” ಎಂದಳು ಅವಳು.

ಹೊನ್ನವ್ವ ಅವತ್ತು ಊಟ ಮಾಡಲಿಲ್ಲ. ಬೆಳಿಗ್ಗೆ ಉಳಿದವರು ಮಲ್ಲಯ್ಯನ ಹೆಸರು ಕೂಗುತ್ತ ಅಡವಿಗೆ ಇಳಿದಾಗ ಬೆನ್ನು ತಿರುಗಿಸಿ ಕೂತಿದ್ದಳು. ಆಮೇಲೆ ತಾನೇ ಎದ್ದು ಕೋಲು ಹಿಡಿದಳು. ಮೊದಲೆರಡು ದಿನ ಅಡಿವೆವ್ವನ ಜೊತೆ ಮಾತೇ ಇಲ್ಲ. ಹಿಂದಿನಿಂದ ಬಂದ ಬಂಡಿಯವನೊಬ್ಬ ಹತ್ತಿಸಿಕೊಳ್ಳುತ್ತೇನೆಂದಾಗ ಕೋಲಿನಿಂದಲೇ ಮುಂದೆ ಹೋಗೆಂದು ಸನ್ನೆ ಮಾಡಿದಳು. ನೂರು ಹೆಜ್ಜೆ ನಡೆಯುವುದು, ಕೂಡುವುದು, ಮತ್ತೆ ನಡೆಯುವುದು. ಕಟ್ಟಿಕೊಂಡಿದ್ದ ಒಣ ಕಟಕ ರೊಟ್ಟಿ ಮೂರನೆಯ ದಿನಕ್ಕೆ ಮುಗಿಯಿತು. ಅಡವಿಯ ಚೆಂಚು ಬುಡಕಟ್ಟಿನ ಹೆಂಗಸೊಬ್ಬಳು ಸುಟ್ಟ ಗೆಡ್ಡೆ ಕೊಟ್ಟಳು. ಅವಳ ಭಾಷೆ ಇವರಿಗೆ ತಿಳಿಯಲಿಲ್ಲ. ಗೆಡ್ಡೆ ಸುಲಿಯುತ್ತ ಹೊನ್ನವ್ವ, ಮಗ ಜ್ವರದಲ್ಲಿದ್ದಾಗಿನ ಇಪ್ಪತ್ತೊಂದು ದಿನದ ಕತೆಯನ್ನು ಮೊದಲಿನಿಂದ ಹೇಳಿದಳು. ಅಡಿವೆವ್ವ ಕೇಳಿದಳು. ಯುಗಾದಿ ಅವತ್ತಿನ ಮರುದಿನ, ಒಂದು ಹಳ್ಳದ ದಂಡೆಯಲ್ಲಿ ಕಳೆಯಿತು. ಅಡಿವೆವ್ವ ಬೇವಿನ ಚಿಗುರು ಹರಿದು ತಂದಳು. ಬೆಲ್ಲವಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ, ಬೆಟ್ಟದ ಮೇಲೆ ಗುಡಿಗೆ ಇನ್ನೂ ಮೂರು ಮೈಲಿ ಇರುವಾಗ, ಎದುರಿನಿಂದ ಕಳಕಪ್ಪ ಬಂದ. ಬಂದವನು ತಾಯಿಯ ಕಾಲಿಗೆ ಬಿದ್ದ. ಮುದುಕಿ ಅವನ ಬರಿ ಹೆಗಲನ್ನು ನೋಡಿದಳು.

“ಕಂಬಿ ಯಾರ ಕಡೆ ಕೊಟ್ಟು ಬಂದಿ?”

“ನಮ್ಮ ಓಣಿ ದ್ಯಾಮಪ್ಪನ ಹೆಗಲ ಮ್ಯಾಲ ಐತಿ ಯವ್ವಾ. ನಿನ್ನೆಯಿಂದ ನಿನ್ನ ದಾರಿ ಕಾಯಾಕತ್ತೀನಿ.”

ಆ ಮೂರು ಮೈಲಿಯನ್ನೂ ಅವಳು ನಡೆದೇ ಮುಗಿಸಿದಳು.

ಗುಡಿಯ ಮುಂದೆ ಜನ ಕರಗಿದ್ದರು. ಗುಡಿಯ ಆಳುಗಳು ಎಂಜಲೆಲೆ ಬಳಿಯುತ್ತಿದ್ದರು. ಹಿಂದಿನ ಹನ್ನೊಂದು ಸಲವೂ ಅಡಿವೆವ್ವ ನೂಕುನುಗ್ಗಲಲ್ಲಿ ಲಿಂಗ ಮುಟ್ಟಿದ್ದೇ ತಡ ಹೊರಗೆ ಬಿದ್ದಿದ್ದಳು. ಈ ಸಲ ಯಾರೂ ದೂಡಲಿಲ್ಲ. ಎಷ್ಟು ಹೊತ್ತು ಬೇಕಾದರೂ ಕೈ ಇಟ್ಟು ನಿಲ್ಲಬಹುದಿತ್ತು. ನಿಂತಳು. ಬೇಡಿಕೊಳ್ಳುವುದೇನೂ ಹೊಳೆಯಲಿಲ್ಲ. ಡೊಳ್ಳಿನ ಸದ್ದಿಲ್ಲದ್ದು ಅವಳಿಗೆ ಹಬ್ಬ ತಪ್ಪಿದಂತೆಯೇ ಅನಿಸಿತು. ಊರಿಗೆ ಬಂದ ಮೇಲೆ ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತಿದ್ದಳು.

ಹೊನ್ನವ್ವ ಇನ್ನೂ ಆರು ವರ್ಷ ಬದುಕಿದ್ದಳು. ಆ ಯಾತ್ರೆಯ ಮರುವರ್ಷ ಆತ್ಮಕೂರಿನಲ್ಲಿ ಇಬ್ಬರು ಮುದುಕರು ತಾವಾಗಿಯೇ ತಂಬಿಗೆ ಹಿಡಿದು ಬಾವಿಗೆ ಇಳಿದರು. ಒಬ್ಬ ನಗುತ್ತಲೇ ಹತ್ತಿ ಬಂದ. ಇನ್ನೊಬ್ಬ ನಡುವೆಯೇ ಕೂತ. ಅಡಿವೆವ್ವ ತನ್ನ ಗಂಟನ್ನು ಎತ್ತಿಕೊಂಡು ಅವನ ಪಕ್ಕ ಹೋಗಿ ನಿಂತಳು.