ಬಾತುಕೋಳಿಗಾಗಿ ನಿಂತ ಪವರ್ ಪ್ರೆಸ್

ಕಳೆದ ಶುಕ್ರವಾರ ಮಧ್ಯಾಹ್ನ ಪೀಣ್ಯದ ನಮ್ಮ ಬೀದಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನಿಂತಿತು.

ಕರೆಂಟ್ ಹೋಗಿರಲಿಲ್ಲ. ಮುಷ್ಕರ ಇರಲಿಲ್ಲ. ಆಯುಧಪೂಜೆ ಇನ್ನೂ ದೂರವಿತ್ತು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಾತುಕೋಳಿಯ ಪಾಠ ಓದಬೇಕಾಗಿತ್ತು. ಅಷ್ಟೇ.

ಹುಡುಗಿಯ ಹೆಸರು ಭಾಗ್ಯ. ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಗಂಗವ್ವನ ಮಗಳು. ಬಾಗಲಕೋಟೆ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಗಂಗವ್ವ ಬೆಳಿಗ್ಗೆ ಆಫೀಸುಗಳ ಕಸ ಗುಡಿಸಿ ಮಧ್ಯಾಹ್ನಕ್ಕೆ ಮನೆ ಸೇರುತ್ತಾಳೆ. ಈ ಮಳೆಗಾಲದಲ್ಲಿ ಭಾಗ್ಯಳ ಶಾಲೆಯ ಚಾವಣಿ ಸೋರತೊಡಗಿತು. ರಿಪೇರಿ ಮುಗಿಯುವವರೆಗೆ ಸಣ್ಣ ಕ್ಲಾಸುಗಳೆಲ್ಲ ಮೊಬೈಲಿಗೆ ಸ್ಥಳಾಂತರಗೊಂಡವು. (ಚಾವಣಿ ಸೋರಿದರೆ ವಿದ್ಯೆ ಮೊಬೈಲಿಗೆ ಹೋಗುತ್ತದೆ. ಮೊಬೈಲ್ ಕೆಟ್ಟರೆ ಎಲ್ಲಿಗೆ ಹೋಗುತ್ತದೋ, ಬಲ್ಲವರು ತಿಳಿಸಿ.)

ಹೀಗಾಗಿ ಬೆಳಗಿನ ಹೊತ್ತು ಭಾಗ್ಯಳ ಶಾಲೆ ನಮ್ಮ ಹಾಲ್‌ನಲ್ಲಿ, ನನ್ನ ಫೋನಿನಲ್ಲಿ ನಡೆಯತೊಡಗಿತು. ಫೋನು ಆನ್ ಮಾಡುವುದು, ಮಗುವಿನ ಮುಖ ಪರದೆಯೊಳಗೆ ಇದೆಯೇ ಎಂದು ನೋಡುವುದು, ಪೆನ್ಸಿಲ್ ಚೂಪು ಮಾಡುವುದು ನನ್ನ ಕರ್ತವ್ಯಗಳು. ನೇಮಕಾತಿ ಮಾಡಿದವರು ನನ್ನ ಹೆಂಡತಿ. ಅರ್ಜಿ ಹಾಕಿದ ನೆನಪು ನನಗಿಲ್ಲ.

ತೊಂದರೆ ಇದ್ದದ್ದು ಎದುರುಮನೆಯಲ್ಲಿ. ಅದು ಮನೆಯಲ್ಲ, ಲೋಕೇಶನ ವರ್ಕ್‌ಶಾಪು. ಅಲ್ಲಿಯ ಪ್ರೆಸ್ಸು ಬೆಳಿಗ್ಗೆಯಿಂದ ಸಂಜೆವರೆಗೆ ತಗಡಿನ ಮೇಲೆ ದಬ್, ದಬ್ ಎಂದು ಬೀಳುತ್ತಲೇ ಇರುತ್ತದೆ. ಹುಡುಗರು ಟೀ ಕುಡಿಯುವುದೂ ಸರದಿಯಲ್ಲಿ, ಮಷೀನು ಮಾತ್ರ ನಿಲ್ಲುವುದಿಲ್ಲ. ನಮಗೆ ಅದು ಕೇಳಿಸುವುದನ್ನು ಬಿಟ್ಟು ವರ್ಷಗಳಾದವು. ಆನ್‌ಲೈನ್ ಕ್ಲಾಸಿನ ಮಿಸ್‌ಗೆ ಮಾತ್ರ ಚೆನ್ನಾಗಿ ಕೇಳಿಸಿತು. ಮೊದಲ ದಿನವೇ ಅವರು ಭಾಗ್ಯಳನ್ನು ಮ್ಯೂಟ್ ಮಾಡಿದರು. ಮತ್ತೆ ತೆಗೆಯಲಿಲ್ಲ.

ಅವರ ತಪ್ಪೂ ಅಲ್ಲ, ಬಿಡಿ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಂದು ಮಗು ಜೊತೆಗೆ ಕಾರ್ಖಾನೆಯನ್ನೂ ಕರೆತಂದರೆ ಯಾರು ತಾನೇ ಏನು ಮಾಡಬೇಕು?

ಆದರೆ ಪರಿಣಾಮ ನೋಡಿ. ಭಾಗ್ಯ ಓದುವುದನ್ನು ಮಿಸ್ ಒಮ್ಮೆಯೂ ಕೇಳಲಿಲ್ಲ. ಸೋಮವಾರ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸೂಚನೆ ಬಂತು. ಪ್ರತಿ ಮಗು ಬಾತುಕೋಳಿಯ ಪಾಠ ಓದುವ ವಿಡಿಯೊ ಶುಕ್ರವಾರದೊಳಗೆ ಕಳಿಸಬೇಕು. ಓದಲು ಬಾರದ ಮಕ್ಕಳು ಶಾಲೆ ತೆರೆದಾಗ ಒಂದನೇ ಕ್ಲಾಸಿನವರ ಜೊತೆ ಕೂರಬೇಕು.

ಮೂರು ವಿಡಿಯೊ ಕಳಿಸಿದೆವು. ಮೂರಕ್ಕೂ ಒಂದೇ ಉತ್ತರ: ‘ವಾಯ್ಸ್ ಕೇಳ್ತಿಲ್ಲ.’ ರಾತ್ರಿ ಮಷೀನು ನಿಂತ ಮೇಲೆ ಪ್ರಯತ್ನಿಸಿದೆವು. ಮಗು ಬಾಯಿಯೇ ಬಿಡಲಿಲ್ಲ. ನಿದ್ದೆ ಬಂದಿರಬೇಕು ಎಂದು ನಾವೇ ತೀರ್ಮಾನಿಸಿ ಮಲಗಿದೆವು.

ಶುಕ್ರವಾರ ಮಧ್ಯಾಹ್ನ ಕೆಲಸದಿಂದ ಬಂದ ಗಂಗವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು. “ದಿನಾ ಓಣಿಗೆಲ್ಲ ಕೇಳೂಹಂಗ ಓದತಾಳ್ರಿ ಸರ ಈಕಿ. ಮಿಸ್ಸಿಗೆ ಒಬ್ಬಾಕಿಗೇ ಕೇಳವಲ್ದು. ಸಣ್ಣ ಹುಡುಗರ ಜೋಡಿ ಕುಂದ್ರಿಸಿದ್ರ ಈಕಿ ಸಾಲಿಗೇ ಹೋಗಂಗಿಲ್ಲಂತಾಳ. ಏನ್ ಮಾಡೂದ್ರಿ?”

ನಾನು ಶರಟು ಹಾಕಿಕೊಂಡೆ. ಇಂಥ ಸಂಧಾನಗಳಿಗೆ ಬನಿಯನ್ನಿನಲ್ಲಿ ಹೋಗಬಾರದು. ರಸ್ತೆ ದಾಟಿ ಲೋಕೇಶನ ಮುಂದೆ ನಿಂತು, ನಾಡಿನ ಭವಿಷ್ಯ, ಮಕ್ಕಳ ವಿದ್ಯಾಭ್ಯಾಸ, ಉದ್ಯಮಿಗಳ ಹೊಣೆ ಮುಂತಾಗಿ ಪೀಠಿಕೆ ಶುರುಮಾಡಿದೆ. ಅವನು ಮಧ್ಯದಲ್ಲೇ ಕೇಳಿದ, “ಪಾಠ ಎಷ್ಟು ಸಾಲು ಸಾರ್?”

ಎಂಟು ಎಂದೆ.

“ಅಷ್ಟೇನಾ? ನಿಲ್ಲಿಸ್ತೀನಿ ಬಿಡಿ. ಆದ್ರೆ ಒಂದೇ ಟೇಕು. ಸಂಜೆ ಮಾಲು ಹೋಗ್ಬೇಕು.”

ಪ್ರೆಸ್ ನಿಂತಿತು. ಬೀದಿ ಬೆಚ್ಚಿಬಿತ್ತು. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಯಾರಿಗೆ ಏನಾಯಿತು ಎಂದು ವಿಚಾರಿಸತೊಡಗಿದರು. ಒಳಗೆ ಮಲಗಿದ್ದ ನನ್ನ ಹೆಂಡತಿಗೆ ಎಚ್ಚರವಾಯಿತು. (ಗದ್ದಲಕ್ಕೆ ಏಳುವವರನ್ನು ನೀವು ಕಂಡಿರಬಹುದು. ನಮ್ಮಲ್ಲಿ ಹಾಗಿಲ್ಲ.) ಲೋಕೇಶ ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಇಡೀ ಬೀದಿ ಉಸಿರು ಬಿಗಿಹಿಡಿಯಿತು. ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ಭಾಗ್ಯಳ ಮುಂದೆ ನಾನು ಫೋನು ಹಿಡಿದೆ.

ಭಾಗ್ಯ ಪುಸ್ತಕ ನೋಡಿದಳು. ನಮ್ಮನ್ನು ನೋಡಿದಳು. ತುಟಿ ಅಲುಗಲಿಲ್ಲ.

ಗಂಗವ್ವ ಮೊದಲ ಪದ ಹೇಳಿಕೊಟ್ಟಳು. ನಾನು ಎರಡನೆಯದು. ಲೋಕೇಶ ಚಾಕೊಲೇಟಿನ ಆಮಿಷ ಒಡ್ಡಿದ, ಆಮೇಲೆ ಗಡಿಯಾರ ನೋಡಿಕೊಂಡ. ಗಂಗವ್ವನ ಕಣ್ಣು ತುಂಬಿತು. ಅಷ್ಟರಲ್ಲಿ ಕೂದಲು ಕಟ್ಟಿಕೊಳ್ಳುತ್ತಾ ಹೊರಬಂದ ನನ್ನ ಹೆಂಡತಿ ಮಗುವಿನ ಪಕ್ಕ ಕೂತು ಮೆತ್ತಗೆ ಕೇಳಿದಳು, “ಯಾಕೆ ಪುಟ್ಟಿ, ಏನು ಬೇಕು ನಿಂಗೆ?”

“ಮಷೀನ್ ಹಚ್ರಿ,” ಎಂದಳು ಭಾಗ್ಯ. “ಅದು ಬಡೀಲಿಲ್ಲಂದ್ರ ಮುಂದಿನ ಮಾತು ಬರೂದಿಲ್ಲ.”

ಒಂದು ದಬ್‌ಗೆ ಒಂದು ಪದ. ಮಗು ಇಷ್ಟು ದಿನ ಓದು ಕಲಿತದ್ದು ಹಾಗೆ. ಅದರ ಕೈಹಿಡಿದು ನಡೆಸುತ್ತಿದ್ದ ಮೇಷ್ಟ್ರನ್ನೇ ನಾವು ಬಹಳ ಶ್ರಮಪಟ್ಟು ಸುಮ್ಮನಾಗಿಸಿದ್ದೆವು.

ಮಷೀನು ಹಾಕಿದರೆ ಮಿಸ್‌ಗೆ ಕೇಳುವುದಿಲ್ಲ. ಹಾಕದಿದ್ದರೆ ಮಗು ಓದುವುದಿಲ್ಲ. ಈಗೇನು? ಲೋಕೇಶ ತಲೆ ಕೆರೆದುಕೊಂಡು ವರ್ಕ್‌ಶಾಪಿನೊಳಗೆ ಹೋದ. ಬರುವಾಗ ಅವನ ಕೈಯಲ್ಲಿ ಖಾಲಿ ಆಯಿಲ್ ಡಬ್ಬವೂ ಮರದ ಸುತ್ತಿಗೆಯೂ ಇದ್ದವು. ನಮ್ಮ ಮೆಟ್ಟಿಲ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮೆಲ್ಲಗೆ ಬಡಿಯತೊಡಗಿದ. ಟಪ್. ಟಪ್. ಟಪ್.

ಭಾಗ್ಯ ತಲೆಯಾಡಿಸಿದಳು. “ಜಲ್ದಿ ಆತ್ರಿ ಅಣ್ಣಾ. ನಿಮ್ಮ ಮಷೀನ್ ಹಿಂಗಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅವನ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮಾಲೀಕ ವಿನಯದಿಂದ ಲಯ ಇಳಿಸಿದ. ಬಾತುಕೋಳಿ, ಟಪ್, ಕೆರೆಗೆ, ಟಪ್, ಇಳಿಯಿತು. ಎಂಟು ಸಾಲು, ಎಲ್ಲೂ ತಡವರಿಸದೆ. ಪಾಠ ಮುಗಿದದ್ದು ತಿಳಿಯದೆ ಲೋಕೇಶ ಕಣ್ಣುಮುಚ್ಚಿ ಇನ್ನೂ ಬಡಿಯುತ್ತಲೇ ಇದ್ದ. ನಿಲ್ಲಿಸಲು ಭುಜ ಮುಟ್ಟಬೇಕಾಯಿತು.

ವಿಡಿಯೊ ಕಳಿಸಿದ ಸ್ವಲ್ಪ ಹೊತ್ತಿಗೇ ಮಿಸ್‌ನ ವಾಯ್ಸ್ ಮೆಸೇಜ್ ಬಂತು. ಭಾಗ್ಯ ಇಷ್ಟು ಚೆನ್ನಾಗಿ ಓದುತ್ತಾಳೆಂದು ಗೊತ್ತೇ ಇರಲಿಲ್ಲವಂತೆ. ಅವಳ ಜಾಗ ಎರಡನೇ ಕ್ಲಾಸಿನಲ್ಲೇ. ಹಿಂದೆ ತಾಳ ಹಾಕುತ್ತಿರುವವರು ಯಾವ ಗುರುಗಳ ಬಳಿ ಕಲಿತವರು ಎಂದೂ ಕೇಳಿದ್ದರು. ಗಂಗವ್ವ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ಕೇಳಿದಳು. ಲೋಕೇಶ ಐದನೇ ಸಲ ಹಾಕಿಸಿದ.

ಓದುಗ ಮಹಾಶಯರೇ, ಮಕ್ಕಳ ಓದಿಗೆ ಏನು ಬೇಕೆಂಬುದರಲ್ಲಿ ನಾವೆಲ್ಲ ಪಂಡಿತರೇ. ಮೇಜು ಬೇಕು, ನಿಶ್ಶಬ್ದ ಬೇಕು, ಗದ್ದಲ ನುಂಗುವ ಹೆಡ್‌ಫೋನ್ ಬೇಕು. (ಬೆಳ್ಳಂದೂರಿನಲ್ಲಿರುವ ನನ್ನ ತಂಗಿಯ ಮಗ ಈ ಮೂರನ್ನೂ ತಂದುಕೊಟ್ಟಿದ್ದಾನೆ. ಅವನ ಮಗ ಹೆಡ್‌ಫೋನ್ ಹಾಕಿಕೊಂಡು ಮೇಜಿನ ಕೆಳಗೆ ಮಲಗುತ್ತಾನೆ.) ಸೋಮವಾರದಿಂದ ನಾನು, ಗಂಗವ್ವ, ಮಿಸ್, ಕೊನೆಗೆ ಒಂದು ವರ್ಕ್‌ಶಾಪು, ಇಷ್ಟೂ ಮಂದಿ ಆ ಮಗುವಿಗಾಗಿ ತಲೆ ಕೆಡಿಸಿಕೊಂಡೆವು.

ಅಲ್ಲ, ಮಗುವಿಗೆ ಏನು ಬೇಕೆಂದು ಮಗುವನ್ನೇ ಕೇಳಬಹುದು ಎನ್ನುವುದು ನಮಗೇಕೆ ಯಾವಾಗಲೂ ಕಟ್ಟಕಡೆಗೆ ಹೊಳೆಯುತ್ತದೆ?