ಲೂಪೆಯ ಗೋಡೆಗೆ ಇನ್ನೊಂದು ಚೆಂಡುಹೂವು

ಇಲ್ಲ... ನಾನಿನ್ನೂ ನಂಬಿಲ್ಲ.
ಬೆಳಿಗ್ಗೆ ಅವಳ ಮಗಳು ಫೋನ್ ಮಾಡಿ "ಅಮ್ಮ ಹೋಗ್ಬಿಟ್ಟಳು" ಅಂದಾಗ, "ಎಲ್ಲಿಗೆ?" ಎಂದು ಕೇಳಿಬಿಟ್ಟೆ.
ಹೋಗು ಅಂದರೂ ಹೋಗುವವಳಲ್ಲ ನಮ್ಮ ಲೂಪೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಇಲ್ಲಿ ಅಮೆರಿಕದ ನ್ಯೂಕ್ಯಾಸಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯವಳು.
ಮೆಕ್ಸಿಕೋ ಮೂಲ, ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ. "ನಾನು ಚಿಕಾನಾ" ಎಂದು ತಲೆ ಎತ್ತಿ ಹೇಳುವವಳು.
ಆರ್ಟ್ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ.
ಎಲ್ಲಿ ಕಲಿತೆ ಎಂದರೆ, "ಅಜ್ಜಿಯ ಅಡುಗೆಮನೇಲಿ."

ನಮ್ಮ ಪಾರ್ಕಿಂಗ್ ಗೋಡೆಯ ಮೇಲೆ ಆ ಅಜ್ಜಿಯನ್ನೇ ಬರೆದಳು.
ಮೆಕ್ಕೆಜೋಳದ ರೊಟ್ಟಿ ತಟ್ಟುವ ಅಜ್ಜಿ, ಸುತ್ತ ಚೆಂಡುಹೂವು.
ಊರಿಂದ ಬಂದ ನನ್ನಮ್ಮ ನೋಡಿ, "ಯಾರೇ ಇವರು, ಹುಬ್ಬಳ್ಳಿ ಕಡೆಯವರಾ?" ಅಂದರು.

ಅಪಾರ್ಟ್‌ಮೆಂಟ್ ಆಫೀಸಿಗೆ ಮಾತ್ರ ಬಣ್ಣ ಜಾಸ್ತಿಯಾಯಿತು...
ಬೂದು ಬಣ್ಣ ಬಳಿಯುತ್ತೇವೆ ಎಂದು ನೋಟಿಸ್ ಅಂಟಿಸಿದರು.
ಲೂಪೆ ಓದಿದಳು. ಗೋಡೆಗೆ ಒಂದು ಚೆಂಡುಹೂವು ಸೇರಿಸಿದಳು.
ಮತ್ತೊಂದು ನೋಟಿಸ್... ಮತ್ತೊಂದು ಹೂವು.
"ಅವರು ಬರೀತಾ ಇರ್ಲಿ ಕಣೇ. ನನ್ನ ತೋಟ ಬೆಳೀತಾ ಇರತ್ತೆ."
ಬಳಿಯುವವರು ಬಂದ ದಿನ ಗೋಡೆಯ ಮುಂದೆ ಕುರ್ಚಿ ಹಾಕಿ ಕೂತಳು. ಅವರು ವಾಪಸ್ ಹೋದರು.

ಲೂಪೆ...
ನೆನಪಿದೆಯಾ, ಪಕ್ಕದ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ ನಿನ್ನ ಮೊದಲ ಎಕ್ಸಿಬಿಷನ್?
ಶುಭಕಾರ್ಯ ಎಂದು ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿದ್ದೆ.
ನೀನು ನಕ್ಕು ನಕ್ಕು ಕುಸಿದು ಕೂತೆ.
"ನಮ್ಮಲ್ಲಿ ಸತ್ತವರಿಗೆ ಮನೆ ದಾರಿ ಗೊತ್ತಾಗ್ಲಿ ಅಂತ ಇಡೋ ಹೂವು ಇದು. ನಾನಿನ್ನೂ ಬದುಕಿದೀನಿ ಮಾರಾಯ್ತಿ."
ನಾನು ಬಿಚ್ಚಲು ಹೋದೆ. ನೀನು ಕೈ ಹಿಡಿದು ನಿಲ್ಲಿಸಿದೆ.
"ಇರ್ಲಿ ಬಿಡು. ಅಜ್ಜಿ ಬಂದು ನೋಡ್ಕೊಂಡು ಹೋಗ್ಲಿ."

ಬಣ್ಣ ಬದಲಾಯಿಸುವವರು ಸುತ್ತ ಬೇಕಾದಷ್ಟಿದ್ದಾರೆ... ಬಣ್ಣ ಹಚ್ಚುವವಳು ನೀನೊಬ್ಬಳೇ ಇದ್ದೆ.

ಮಧ್ಯಾಹ್ನ ಅಪಾರ್ಟ್‌ಮೆಂಟ್ ಆಫೀಸಿಗೆ ಹೋಗಿದ್ದೆ. ಸಂತಾಪ ಸೂಚಿಸಿದರು.
ಅದೇ ಉಸಿರಿನಲ್ಲಿ, "ಕಲಾವಿದೆ ಈಗ ಇಲ್ಲವಲ್ಲ, ಶನಿವಾರ ಬಳಿಸ್ತೀವಿ" ಅಂದರು.

ಸರಿ.
ಶನಿವಾರ ಬೆಳಿಗ್ಗೆ ಅವಳ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ. ಅವಳ ಮಗಳು ಬಣ್ಣದ ಡಬ್ಬಿ ತರುತ್ತಾಳೆ.
ನೀವೂ ಬನ್ನಿ. ಒಬ್ಬೊಬ್ಬರು ಒಂದೊಂದು ಹೂವು.
ಬರೆಯಲು ಬರುವುದಿಲ್ಲ ಅನ್ನಬೇಡಿ... ನಾನು ಬರೆದ ಹೂವು ಇಡ್ಲಿಯ ಹಾಗಿರುತ್ತದೆ, ಆದರೂ ಬರೆಯುತ್ತೇನೆ.

ದಾರಿಗೆ ಹೂವು ಬೇಕಲ್ಲ, ಲೂಪೆ. ಇನ್ನು ಮೇಲೆ ಅಜ್ಜಿಯ ಜೊತೆ ನೀನೂ ಬರುವವಳು...

ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ.
ಅಪಾರ್ಟ್‌ಮೆಂಟ್ ಆಫೀಸಿಗೆ ಮಾತ್ರ ಸದ್ಯಕ್ಕೆ ಬೇಡ.