ಅವ್ವನ ಹಿಡಿಕೆ

ಈ ಮರಾಠಿ ಊರಿನ ಶಿವಾಜಿನಗರದಲ್ಲಿ ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮಂಡಿ ಸವೆದ ಮೇಲೆ ಅವ್ವ ಒಂದು ವರ್ಷ ಕೆಳಗೆ ಇಳಿದಿರಲಿಲ್ಲ. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ: ಗೇಟಿನ ಬಳಿ ಸೊಪ್ಪು ಮಾರುವ ಕಲಬುರಗಿಯ ಹೆಂಗಸಿನ ಪಕ್ಕ ಕೂತು ಕನ್ನಡದಲ್ಲಿ ಹರಟುವುದು. ಇಡೀ ಕಟ್ಟಡದಲ್ಲಿ ಮರಾಠಿ. ಅವ್ವನ ಮರಾಠಿ "ಕಾಯ್ ಝಾಲ", ಅಂದರೆ ಏನಾಯಿತು ಎಂಬುದನ್ನು ದಾಟಿ ಮುಂದೆ ಹೋಗಲೇ ಇಲ್ಲ.

"ಒಮ್ಮೆ ಕೆಳಗ ಇಳಸವ್ವ, ಸಾಕು," ಎಂದು ಅವ್ವ ನನಗೆ ಅನ್ನುತ್ತಿದ್ದಳು.

ನಾನು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವವಳು. ಮೆಟ್ಟಿಲ ಗೋಡೆಗುಂಟ ಕೊಳವೆ ಹಾಕಿಸಿ, ಅದರ ಮೇಲೆ ಜಾರುವ ಹಿಡಿಕೆ ಮಾಡಿದೆ. ಹಗುರವಾಗಿ ತಳ್ಳಿದರೆ ಸರಿಯುತ್ತದೆ, ಮೈಭಾರ ಬಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮರಳಿನ ಚೀಲ ನೇತುಹಾಕಿ ನೋಡಿದೆ, ನಾನೇ ಜೋತುಬಿದ್ದು ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ನನಗೆ ಕೋಡು ಮೂಡಿತ್ತು. ಅವ್ವನಿಗೆ ಒಂದೇ ಪಾಠ ಹೇಳಿಕೊಟ್ಟೆ: "ನಾ ಹೇಳೂತನಕ ಕೈ ಬಿಡಬ್ಯಾಡ."

ಒಂದು ಭಾನುವಾರ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ಸೊಪ್ಪಿನವಳಿಗೆಂದು ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಳು. ನಾನು ಎರಡು ಮೆಟ್ಟಿಲು ಕೆಳಗೆ, ಅವಳತ್ತ ಮುಖ ಮಾಡಿ ಇಳಿಯುತ್ತಿದ್ದೆ. ನಾಲ್ಕನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ಭಾಳ ಅಂಜಿಕಿ ಆಗ್ತದ. ಬೀಳ್ತೀನಿ."

ನನಗೆ ಸಿಟ್ಟು ಬಂತು. ಇಷ್ಟು ತಿಂಗಳು ಒದ್ದಾಡಿ ಮಾಡಿದ್ದನ್ನು ಇವಳು ನಂಬುವುದಿಲ್ಲವಲ್ಲ ಎಂದು. ಅವ್ವನಿಗೆ ಕಿವಿ ಮಂದ, ಅದಕ್ಕೇ ಗಟ್ಟಿಯಾಗಿ ಅಂದೆ: "ಏನೂ ಆಗಂಗಿಲ್ಲ, ಬಿಡವ್ವ!"

ಸಮಾಧಾನ ಹೇಳುವಾಗ ನಮ್ಮವರ ಬಾಯಿಗೆ ಮೊದಲು ಬರುವ ಮಾತೇ ಅದು. ಅವ್ವನಿಗೆ ಕೇಳಿಸಿದ್ದು ಕೊನೆಯದಷ್ಟೇ. ಮಗಳು ಹೇಳಿದಳಲ್ಲ, ಬಿಟ್ಟಳು.

ನನ್ನ ಕೈಗೆ ಸಿಕ್ಕಿದ್ದು ಸೆರಗು ಮಾತ್ರ. ಅವ್ವ ನನ್ನನ್ನು ದಾಟಿ ಕೆಳಗಿನ ತಿರುವಿನವರೆಗೆ ಉರುಳಿದಳು. ಹಿಡಿಕೆ ಅವಳು ಬಿಟ್ಟಲ್ಲೇ ನಿಂತಿತ್ತು. ಅದರ ತಪ್ಪೇನೂ ಇರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು: ಮರಳಿನ ಚೀಲಕ್ಕೆ ಕಿವಿ ಇರುವುದಿಲ್ಲ, ಮಗಳ ಮಾತಿನ ಮೇಲೆ ನಂಬಿಕೆಯೂ ಇರುವುದಿಲ್ಲ.

ಸೊಂಟ ಮುರಿದಿತ್ತು. ಆಪರೇಷನ್ ಆದರೂ ಅವ್ವ ಮತ್ತೆ ಎದ್ದು ನಿಲ್ಲಲಿಲ್ಲ. ಸೊಪ್ಪಿನ ಹೆಂಗಸು ಒಮ್ಮೆ ಮೇಲೆ ಬಂದು ಅರ್ಧ ಗಂಟೆ ಕೂತು ಹೋದಳು. ದಿನಾ ಗಾಡಿ ಬಿಟ್ಟು ಬರಲು ಅವಳಿಗೂ ಆಗದು. ಹಿಡಿಕೆಯನ್ನು ಈಗ ಎರಡನೆಯ ಮಹಡಿಯ ಅಜ್ಜ ಬಳಸುತ್ತಾರೆ, ಸಿಕ್ಕಾಗಲೆಲ್ಲ ಹೊಗಳುತ್ತಾರೆ. ಹೊಗಳಿಕೆ ಮುಗಿಯುವ ಮೊದಲೇ ನಾನು ಮೆಟ್ಟಿಲು ಹತ್ತಿಬಿಡುತ್ತೇನೆ.

ಒಂದು ಮಧ್ಯಾಹ್ನ ಮಂಚದ ಪಕ್ಕ ಕೂತು, ತಪ್ಪು ನಂದೇ ಎಂದು ಅತ್ತೆ. ಅವ್ವ ನನ್ನ ತಲೆ ಸವರಿದಳು.

"ಹೋಗ್ಲಿ, ಬಿಡು."

ನಾನು ಮಂಚದ ಪಟ್ಟಿಯನ್ನು ಹಿಡಿದೇ ಕೂತಿದ್ದೆ.